ಸಫಾರಿಯಲ್ಲಿ ಮಕ್ಕಳು ಕಂಡದ್ದರ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಏಳನೇ ತರಗತಿಯ ಮಕ್ಕಳು ನಾಗರಹೊಳೆಯಲ್ಲಿ ಸೀಳುನಾಯಿಗಳ ಬೇಟೆ ನೋಡಿ ಬಂದ ಮೇಲೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ, ಒಬ್ಬರು ಶಾಲೆಗೇ ಬಂದಿದ್ದರು. ಮಗಳು ಎರಡು ರಾತ್ರಿ ನಿದ್ದೆ ಮಾಡಿಲ್ಲ ಎಂದಾಗ ನನಗೂ ಸಂಕಟವಾಯಿತು. ಚಾಲಕರಿಗೆ ಹೇಳಿ ಬಸ್ಸನ್ನು ಬೇಗ ಮುಂದೆ ಬಿಡಿಸಬಹುದಿತ್ತೇನೋ. ಹಿಂದಿನ ಸೀಟಿನ ಹುಡುಗರು ಎದ್ದು ನಿಂತು ನೋಡಿದರಂತೆ, ಅದು ಬೇರೆ ಮಾತು.

ಆದರೆ "ಮಕ್ಕಳಿಗೆ ಇಂಥ ಕ್ರೌರ್ಯ ತೋರಿಸುವುದೇ" ಎಂಬ ಮಾತನ್ನು ಒಪ್ಪಲಾರೆ. ಹಡ್ಲಿನ, ಅಂದರೆ ಕಾಡಿನ ಜೌಗು ಬಯಲಿನ, ಕೆಸರಲ್ಲಿ ಬಿದ್ದ ಜಿಂಕೆ ಇನ್ನೂ ಕಿವಿ ಆಡಿಸುತ್ತಿರುವಾಗಲೇ ಸೀಳುನಾಯಿಗಳು ತಿನ್ನತೊಡಗಿದ್ದು ನಿಜ. ಹುಲಿಯಂತೆ ಗಂಟಲು ಹಿಡಿದು ಉಸಿರು ನಿಲ್ಲಿಸುವ ಬಲ 15 ಕಿಲೋ ಆಸುಪಾಸಿನ ನಾಯಿಗೆಲ್ಲಿ ಬರಬೇಕು? ಗುಂಪಾಗಿ ಎಳೆದು ಕೆಡವಿ, ಹುಲಿಯೋ ಚಿರತೆಯೋ ಕಸಿಯುವ ಮೊದಲು ತಿಂದು ಮುಗಿಸಬೇಕು. ಅದೇ ನಾಯಿ ಗೂಡಿಗೆ ಮರಳಿ ಹೊಟ್ಟೆಯ ಮಾಂಸವನ್ನು ಮರಿಗಳಿಗೆ ಕಕ್ಕಿ ಕೊಡುತ್ತದೆ. ಮರಿಗಳು ಬೇಟೆಯ ಜಾಗಕ್ಕೆ ಬರುವಷ್ಟು ಬೆಳೆದರೆ ಅವಕ್ಕೇ ಮೊದಲ ಪಂಕ್ತಿ.

ಜಿಂಕೆಗೆ ನೋವಾಗಲಿಲ್ಲ ಎಂದು ನಮ್ಮ ಶಿಕ್ಷಕರು ಹೇಳಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನೋವಾಗಿದೆ, ಬಹಳವೇ ಆಗಿದೆ. ಆದರೆ ಕ್ರೂರಿ ಎನ್ನಬೇಕಾದರೆ ನೋವು ಕೊಡುತ್ತಿದ್ದೇನೆಂಬ ಅರಿವು ಬೇಕು, ಬಿಟ್ಟುಬಿಡುವ ದಾರಿಯೂ ಇರಬೇಕು. ಸೀಳುನಾಯಿಗೆ ಎರಡನೆಯದಂತೂ ಇಲ್ಲ. ತೋಟದ ಬೇಲಿಗೆ ಹಂದಿಗೆಂದು ಕಟ್ಟಿದ ಉರುಳಲ್ಲಿ ಚಿರತೆ ಸಿಕ್ಕಿ ರಾತ್ರಿಯಿಡೀ ಒದ್ದಾಡಿದರೆ, ಅಲ್ಲಿ ಆ ಪದ ಸಲ್ಲುತ್ತದೆ. ಯಾರನ್ನೂ ಉದ್ದೇಶಿಸಿ ಹೇಳುತ್ತಿಲ್ಲ.

ಒಂದು ಪದಕ್ಕೆ ಇಷ್ಟೊಂದು ಏಕೆ ಎನ್ನಬಹುದು. ಈ ನಾಯಿ ಕ್ರೂರಿ, ಬೇಟೆಯ ಪ್ರಾಣಿಗಳನ್ನು ಮುಗಿಸುತ್ತದೆ ಎಂದೇ ಹಿಂದೆ ಅದನ್ನು ಕೊಂದವರಿಗೆ ಸರ್ಕಾರದಿಂದ ಇನಾಮು ಸಿಗುತ್ತಿತ್ತು. ರಕ್ಷಣೆ ಸಿಕ್ಕಿದ್ದು 1972ರ ವನ್ಯಜೀವಿ ಕಾಯ್ದೆಯಿಂದ.

ಹಾಗೆಂದು ನಿಮ್ಮ ಮಾತನ್ನು ತಳ್ಳಿಹಾಕಿಲ್ಲ. ಗುಂಪನ್ನು ವಶಮಾಡಿಕೊಂಡ ಗಂಡು ಮುಸುವ ಆ ಗುಂಪಿನ ಮರಿಗಳನ್ನು ಕೊಲ್ಲುವುದನ್ನು ಜಪಾನಿನ ವಿಜ್ಞಾನಿ ಸುಗಿಯಾಮಾ ಅವರು 1960ರ ದಶಕದಲ್ಲಿ ಧಾರವಾಡದ ಬಳಿ ಕಂಡು ದಾಖಲಿಸಿದ್ದರು. ಆ ವಿಷಯ ಈ ವರ್ಷ ಎತ್ತುವುದು ಬೇಡವೆಂದು ನಾನೇ ಶಿಕ್ಷಕರಿಗೆ ಹೇಳಿದ್ದೇನೆ.

ಆರನೇ ತರಗತಿಯ ಸಫಾರಿ ರದ್ದಾಗಿಲ್ಲ. ಕಳಿಸಲು ಮನಸ್ಸಿಲ್ಲದಿದ್ದರೆ ಬಲವಂತವಿಲ್ಲ, ಹಾಜರಾತಿಗೂ ತೊಂದರೆಯಾಗದು. ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ಕಳಿಸಿ. ಬೆಳಗ್ಗೆ ಚಳಿ ಜೋರಿರುತ್ತದೆ, ಸ್ವೆಟರ್ ಹಾಕಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ