ವಾಚ್‌ಮನ್ ಸತ್ತರೆ ಯಾರೂ ಪತ್ರ ಬರೆಯುವುದಿಲ್ಲ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು, ಭಯಾನಕ ಕಾದಂಬರಿ ಬರೆಯುವವರು ನಾವು ಅಕ್ಕರೆಯಿಂದ ಹಚ್ಚಿಕೊಂಡ ಪಾತ್ರಗಳನ್ನೇ ಹುಡುಕಿ ಕೊಲ್ಲುತ್ತಾರೆಂದೂ, ಎಳೆಯ ಮಕ್ಕಳನ್ನು ಸಹ ಬಿಡುವುದಿಲ್ಲವೆಂದೂ, ಇದು ಸಾಹಿತ್ಯದ ಹೆಸರಿನಲ್ಲಿ ನಡೆಯುವ ಶುದ್ಧ ಕ್ರೌರ್ಯವೆಂದೂ ಬರೆದಿದ್ದರು. ಅವರ ಸಿಟ್ಟಿನ ಬಗ್ಗೆ ನನಗೆ ಗೌರವವಿದೆ. ಕಾದಂಬರಿಯೊಳಗಿನ ಸಾವಿಗೆ ಇಷ್ಟು ನೊಂದುಕೊಳ್ಳುವ ಓದುಗರು ಯಾವ ಲೇಖಕನಿಗೂ ಸುಲಭವಾಗಿ ಸಿಗುವವರಲ್ಲ. ಭಯಾನಕ ಸಾಹಿತ್ಯದಲ್ಲಿ ಕ್ರೌರ್ಯವಿಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಅದು ಅವರು ಬೆರಳು ತೋರಿದ ಕಡೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಅವರು ಉದಾಹರಿಸಿದ ಸ್ಟೀಫನ್ ಕಿಂಗ್ ಅವರ ‘ಪೆಟ್ ಸೆಮೆಟರಿ’ಯನ್ನೇ ನೋಡೋಣ. 1983ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಎರಡು ವರ್ಷದ ಆಸುಪಾಸಿನ ಮಗುವೊಂದು ಮನೆಯ ಮುಂದಿನ ರಸ್ತೆಗೆ ಓಡಿಹೋಗಿ ಲಾರಿಗೆ ಸಿಕ್ಕಿ ಸಾಯುತ್ತದೆ. ಲೇಖಕರು ಈ ಸಾವನ್ನು ಎಲ್ಲಿಂದ ತಂದರೆಂಬುದು ಅವರೇ ಹೇಳಿಕೊಂಡಿರುವ ಸಂಗತಿ. ಅಮೆರಿಕದ ಮೇನ್ ರಾಜ್ಯದ ಆರಿಂಗ್‌ಟನ್ ಎಂಬಲ್ಲಿ ಅವರ ಕುಟುಂಬ ಬಾಡಿಗೆಗಿದ್ದ ಮನೆಯ ಮುಂದೆ ಭಾರಿ ಲಾರಿಗಳು ಓಡಾಡುವ ರಸ್ತೆಯಿತ್ತು. ಮಗಳ ಬೆಕ್ಕು ಆ ರಸ್ತೆಯಲ್ಲಿ ಸತ್ತಿತು. ಸುತ್ತಲಿನ ಮಕ್ಕಳು ತಮ್ಮ ಸಾಕುಪ್ರಾಣಿಗಳನ್ನು ಹೂಳುತ್ತಿದ್ದ ಜಾಗದಲ್ಲಿ ಅದನ್ನು ಹೂತರು. ಮುಂದೊಂದು ದಿನ ಚಿಕ್ಕ ಮಗ ಅದೇ ರಸ್ತೆಯತ್ತ ಓಡಿದ. ಆ ಮಗು ಉಳಿಯಿತು. ಉಳಿಯದೆ ಹೋಗಿದ್ದರೆ ಏನಾಗುತ್ತಿತ್ತೆಂಬ ಯೋಚನೆಯಿಂದ ಅಪ್ಪನಿಗೆ ಬಿಡಿಸಿಕೊಳ್ಳಲಾಗಲಿಲ್ಲ, ಕಾದಂಬರಿಯಾಯಿತು. ಬರೆದು ಮುಗಿಸಿದ ಮೇಲೆ ಇದು ಅತಿಯಾಯಿತೆಂದು ಅವರಿಗೇ ಅನ್ನಿಸಿ ಹಸ್ತಪ್ರತಿಯನ್ನು ಮೇಜಿನ ಖಾನೆಯಲ್ಲಿ ಹಾಕಿಟ್ಟರು. ಹಳೆಯ ಪ್ರಕಾಶಕರಿಗೆ ಒಪ್ಪಂದದಂತೆ ಇನ್ನೊಂದು ಪುಸ್ತಕ ಕೊಡಬೇಕಾಗಿ ಬಂದದ್ದರಿಂದ ಅದು ಬೆಳಕು ಕಂಡಿತು. ಮಗುವನ್ನು ಕೊಂದು ಸಂತೋಷಪಟ್ಟವರ ನಡವಳಿಕೆ ಹೀಗಿರುವುದಿಲ್ಲ.

ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಯೋಚನೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 2005ರ ಜುಲೈ 26ರ ಮಹಾಮಳೆಯ ಸಂಜೆ, ನಗರ ನೀರಿನಲ್ಲಿ ಮುಳುಗಿ, ಲೋಕಲ್ ರೈಲುಗಳು ನಿಂತು, ಫೋನುಗಳು ಸತ್ತು, ಶಾಲೆಗೆ ಹೋದ ಮಕ್ಕಳು ಎಲ್ಲಿದ್ದಾರೆಂದು ತಿಳಿಯದೆ ಕೂತಿದ್ದ ಈ ನಗರದ ಸಾವಿರಾರು ತಾಯಿತಂದೆಯರು ಬೆಳಗಾಗುವುದರೊಳಗೆ ಮನಸ್ಸಿನಲ್ಲಿ ಇದಕ್ಕಿಂತ ಘೋರವಾದ ಕಾದಂಬರಿಗಳನ್ನು ಬರೆದು ಮುಗಿಸಿದ್ದರು. ಅವರನ್ನು ಕ್ರೂರಿಗಳೆಂದು ಯಾರೂ ಕರೆಯಲಿಲ್ಲ.

ನಮ್ಮ ಸಾಮಾಜಿಕ ಕಾದಂಬರಿಗಳಿಗೂ ಈ ಆರೋಪ ತಟ್ಟಿದ್ದು ಕಾಣೆ. 1970ರಲ್ಲಿ ಬಂದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ನಂಜಮ್ಮನ ಮಗಳು ಮತ್ತು ಹಿರಿಯ ಮಗ ಪ್ಲೇಗಿಗೆ ಒಬ್ಬರ ಹಿಂದೊಬ್ಬರು ಬಲಿಯಾಗುತ್ತಾರೆ, ಅಷ್ಟೆಲ್ಲ ನುಂಗಿಕೊಂಡು ಎದ್ದು ನಿಂತ ಆ ತಾಯಿಯನ್ನೂ ಕೊನೆಗೆ ಅದೇ ರೋಗ ಒಯ್ಯುತ್ತದೆ. ಓದಿ ಅತ್ತವರೆಲ್ಲ ಅದನ್ನು ಜೀವನದರ್ಶನವೆಂದರು. ಪ್ಲೇಗಿನ ಜಾಗದಲ್ಲಿ ಪ್ರೇತವಿದ್ದರೆ ಮಾತ್ರ ಲೇಖಕ ಪಾಪಿಯಾಗುತ್ತಾನೆಯೆ? ಇಲ್ಲಿ ಕೆಲಸ ಮಾಡುತ್ತಿರುವುದು ಭಯಕಥೆಯನ್ನು ರೈಲು ನಿಲ್ದಾಣದ ಸರಕೆಂದು ತಿಳಿಯುವ ನಮ್ಮ ಹಳೆಯ ಮಡಿವಂತಿಕೆ ಎಂದು ನನ್ನ ಸಂಶಯ. ನೆರೆಯ ಮರಾಠಿಯಲ್ಲಿ ನಾರಾಯಣ ಧಾರಪ್, ರತ್ನಾಕರ ಮತಕರಿ ಅಂಥವರು ಈ ಪ್ರಕಾರದಲ್ಲಿ ಬಹಳಷ್ಟು ಬರೆದಿದ್ದಾರೆ, ಅಲ್ಲಿನ ಓದುಗರು ಅವರನ್ನು ಕಪಾಟಿನ ಮುಂದಿನ ಸಾಲಿನಲ್ಲೇ ಇಟ್ಟುಕೊಂಡಿದ್ದಾರೆ.

ಪ್ರೀತಿಯ ಪಾತ್ರಗಳಿಗೆ ಏನೂ ಆಗುವುದಿಲ್ಲವೆಂಬ ಭರವಸೆ ಮೊದಲೇ ಸಿಕ್ಕಿಬಿಟ್ಟರೆ ಭಯಾನಕ ಕಾದಂಬರಿಯಲ್ಲಿ ಭಯಪಡಲು ಏನೂ ಉಳಿಯುವುದಿಲ್ಲ. ಇದನ್ನು ಬೆಳೆಸಿ ಹೇಳುವ ಅಗತ್ಯವಿಲ್ಲ. ನನಗೆ ಮುಖ್ಯವೆನಿಸುವುದು ಸಾವಿನ ಮುಂದಿನ ಪುಟಗಳು. ಸಾವಾದ ಮನೆಯಲ್ಲಿ ಸೂತಕವಿರುವಂತೆ ಪುಸ್ತಕದಲ್ಲೂ ಇರಬೇಕು: ಒಂದಷ್ಟು ಪುಟ ಯಾರಾದರೂ ಸತ್ತವರಿಗಾಗಿ ಕೂರಬೇಕು, ಅಳಬೇಕು, ಜಗಳವಾಡಬೇಕು, ಉಣ್ಣಲಾರದೆ ಏಳಬೇಕು. ‘ಪೆಟ್ ಸೆಮೆಟರಿ’ಯ ಮಗು ಪುಸ್ತಕದ ಕೊನೆಗೆ ಸಾಯುವುದಲ್ಲ. ಅದರ ಸಾವಿನ ನಂತರ ಬಹಳಷ್ಟು ಪುಟಗಳಿವೆ. ಶವದ ಎದುರಿನಲ್ಲೇ ಮಾವ ಅಳಿಯ ಕೈಕೈ ಮಿಲಾಯಿಸಿ ಶವಪೆಟ್ಟಿಗೆ ಉರುಳುವ ಅಸಹ್ಯವಾದ, ಆದರೆ ಸಾವಿನ ಮನೆಗಳನ್ನು ಕಂಡ ಯಾರಾದರೂ ನಂಬಬಹುದಾದ ದೃಶ್ಯವಿದೆ. ಸಮಾಧಿಯನ್ನು ಅಗೆಯುವ ತನಕ ಹೋಗುವ ಅಪ್ಪನ ಹುಚ್ಚು ದುಃಖವಿದೆ. ಅದಕ್ಕೂ ಎರಡು ವರ್ಷ ಮೊದಲು, 1981ರಲ್ಲಿ, ಬಂದ ‘ಕೂಜೋ’ದಲ್ಲಿ ಹುಚ್ಚುನಾಯಿಗೆ ಹೆದರಿ ಬಿಸಿಲಲ್ಲಿ ಕೆಟ್ಟುನಿಂತ ಕಾರಿನೊಳಗೆ ಸಿಕ್ಕಿಬಿದ್ದ ತಾಯಿಮಕ್ಕಳಲ್ಲಿ ಮಗು ಸಾಯುತ್ತದೆ. ಎರಡು ವರ್ಷದ ಮೇಲೆ ಅದನ್ನು ಸಿನಿಮಾ ಮಾಡಿದವರು ಮಗುವನ್ನು ಉಳಿಸಿದರು. ಪ್ರೇಕ್ಷಕರು ತಾಳಲಾರರೆಂಬ ಲೆಕ್ಕವಿರಬೇಕು. ಅದೇ ಲೇಖಕರ ‘ದ ಮಿಸ್ಟ್’ ಎಂಬ ನೀಳ್ಗತೆ 2007ರಲ್ಲಿ ಸಿನಿಮಾವಾದಾಗ ಲೆಕ್ಕ ತಿರುಗಿತು: ಮೂಲ ಕಥೆಯಲ್ಲಿ ಅಪ್ಪ ಮಗ ಇನ್ನೂ ದಾರಿಯಲ್ಲಿದ್ದಾರೆ, ಸಿನಿಮಾದಲ್ಲಿ ಅಪ್ಪನೇ ಮಗನನ್ನು ಕೊಲ್ಲುತ್ತಾನೆ. ಆ ಮುಕ್ತಾಯವನ್ನು ಕಿಂಗ್ ಮೆಚ್ಚಿಕೊಂಡರೆಂಬುದು ನನ್ನ ವಾದಕ್ಕೆ ಅನುಕೂಲವಾದ ಸಂಗತಿಯಲ್ಲ, ಆದರೂ ಹೇಳುತ್ತಿದ್ದೇನೆ. ‘ಕೂಜೋ’ದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು. ಇಷ್ಟೆಲ್ಲ ಅನಾಹುತ ಮಾಡಿದ ಆ ನಾಯಿಗೂ ಲೇಖಕರು ಕೊನೆಯಲ್ಲಿ ಜಾಗ ಬಿಟ್ಟಿದ್ದಾರೆ. ಅದು ಒಳ್ಳೆಯ ನಾಯಿಯಾಗಿರಲು ಯಾವಾಗಲೂ ಪ್ರಯತ್ನಿಸಿದ್ದೆಂದೂ, ಹೀಗಾಗಬೇಕೆಂದು ಅದು ಬಯಸಿರಲಿಲ್ಲವೆಂದೂ ಅಲ್ಲಿ ಓದುತ್ತೇವೆ. ಕೊಂದ ಪ್ರಾಣಿಗೂ ಸೂತಕ ಹಿಡಿಯುವ ಬರವಣಿಗೆಯನ್ನು ಕ್ರೂರವೆನ್ನಲು ನನಗೆ ಬಾಯಿ ಬಾರದು.

ಪಾತ್ರವನ್ನು ಬದುಕಿಸಿಕೊಡಿ ಎಂಬ ಬೇಡಿಕೆ ಎಲ್ಲಿಗೆ ಮುಟ್ಟಬಹುದೆಂಬುದನ್ನೂ ಇದೇ ಲೇಖಕರು ಬರೆದಿದ್ದಾರೆ. 1987ರ ‘ಮಿಸರಿ’ಯಲ್ಲಿ, ತನ್ನ ಜನಪ್ರಿಯ ನಾಯಕಿಯನ್ನು ಸಾಯಿಸಿದ ಕಾದಂಬರಿಕಾರನೊಬ್ಬ ಅಪಘಾತವಾಗಿ ತನ್ನ ಪರಮ ಅಭಿಮಾನಿಯ ಕೈಗೇ ಸಿಗುತ್ತಾನೆ, ಆಕೆ ಅವನನ್ನು ಕೂಡಿಹಾಕಿ, ನಾಯಕಿಯನ್ನು ಬದುಕಿಸಿ ಹೊಸ ಕಾದಂಬರಿ ಬರೆಯೆಂದು ಹಿಂಸಿಸುತ್ತಾಳೆ, ಅವನ ಪಾದವನ್ನು ಕೊಡಲಿಯಿಂದ ಕಡಿಯುತ್ತಾಳೆ. ಆದರೆ ಅವನು ಮೊದಲು ಸುಲಭದ ಉಪಾಯವೊಂದನ್ನು ಹೂಡಿ ನಾಯಕಿಯನ್ನು ಬದುಕಿಸಿ ತೋರಿಸಿದಾಗ, ಇದು ಮೋಸವೆಂದು ಹಸ್ತಪ್ರತಿಯನ್ನು ತಿರಸ್ಕರಿಸುವವಳೂ ಅವಳೇ. ಆ ಹುಚ್ಚಿಗಿರುವ ವಿಮರ್ಶನ ಪ್ರಜ್ಞೆ, ಸತ್ತವರನ್ನು ಮುಖ ಬದಲಿಸಿ ಮರಳಿ ತರುವ ನಮ್ಮ ಧಾರಾವಾಹಿಗಳವರಿಗೆ ಇದ್ದಿದ್ದರೆ ಒಳ್ಳೆಯದಿತ್ತು.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಮಹಾಭಾರತದ ಸೌಪ್ತಿಕ ಪರ್ವವನ್ನು ಭಯಾನಕ ಸಾಹಿತ್ಯವಲ್ಲವೆಂದು ಯಾರು ಹೇಳಿಯಾರು? ಯುದ್ಧ ಮುಗಿದಿದೆ, ಗೆದ್ದವರು ನಿಶ್ಚಿಂತೆಯಿಂದ ಮಲಗಿದ್ದಾರೆ. ಕಾಡಿನ ಆಲದ ಮರದಡಿ ನಿದ್ದೆ ಬಾರದೆ ಕೂತ ಅಶ್ವತ್ಥಾಮ, ಗೂಬೆಯೊಂದು ಸದ್ದಿಲ್ಲದೆ ಬಂದು ಕೊಂಬೆಗಳಲ್ಲಿ ಮಲಗಿದ್ದ ಕಾಗೆಗಳನ್ನು ಕೊಂದು ಕೆಡವುವುದನ್ನು ನೋಡುತ್ತಾನೆ, ಆ ಗೂಬೆಯಿಂದಲೇ ಪಾಠ ಕಲಿತು ಪಾಂಡವರ ಪಾಳೆಯಕ್ಕೆ ನಡೆಯುತ್ತಾನೆ. ದ್ರೌಪದಿಯ ಐದು ಮಕ್ಕಳೂ ಆ ರಾತ್ರಿ ಹತರಾಗುತ್ತಾರೆ. ತಪ್ಪಿಸಿಕೊಂಡು ಬಾಗಿಲಿಗೆ ಓಡಿಬಂದವರನ್ನು ಕೃಪನೂ ಕೃತವರ್ಮನೂ ಕಾದು ನಿಂತು ಕೊಲ್ಲುತ್ತಾರೆ. ಈ ಕಥೆಯನ್ನು ಹೇಳಿದ ವ್ಯಾಸರು ಹೊರಗಿನವರಲ್ಲ: ಧೃತರಾಷ್ಟ್ರನೂ ಪಾಂಡುವೂ ಅವರದೇ ಮಕ್ಕಳು, ಆ ರಾತ್ರಿ ಸತ್ತ ಮಕ್ಕಳು ಅವರ ಮರಿಮಕ್ಕಳು. ಪ್ರೀತಿಪಾತ್ರರನ್ನು ಕೊಲ್ಲುವುದೇ ಕ್ರೌರ್ಯವಾದರೆ ಅವರಿಗಿಂತ ಕ್ರೂರ ಲೇಖಕ ಹುಟ್ಟಿಲ್ಲ.

ಆದರೆ ಈ ಹತ್ತನೆಯ ಪರ್ವದ ಬೆನ್ನಿಗೇ ಹನ್ನೊಂದನೆಯದಾಗಿ ಸ್ತ್ರೀಪರ್ವ ಬರುತ್ತದೆ. ಅದಿಡೀ ಅಳುವುದಕ್ಕೆಂದೇ ಮೀಸಲು. ರಣರಂಗಕ್ಕೆ ಬಂದ ಗಾಂಧಾರಿ ಒಬ್ಬೊಬ್ಬರನ್ನೇ ಗುರುತಿಸಿ ಅಳುತ್ತಾಳೆ. ತನ್ನ ನೂರು ಮಕ್ಕಳಿಗೆ ಅತ್ತಂತೆಯೇ ಎದುರು ಪಕ್ಷದ ಅಭಿಮನ್ಯುವಿಗೂ ಅಳುತ್ತಾಳೆ, ಅವನ ಬಳಿ ಕೂತ ಉತ್ತರೆಯನ್ನು ಕಂಡು ಕರಗುತ್ತಾಳೆ. ಕೊನೆಗೆ ಧರ್ಮರಾಯ, ನಾನಾ ದೇಶಗಳಿಂದ ಬಂದು ಸತ್ತು ತಮ್ಮವರೆಂದು ಯಾರೂ ಇಲ್ಲದೆ ಬಿದ್ದವರಿಗೂ ಸಂಸ್ಕಾರವಾಗಬೇಕೆಂದು ಆಜ್ಞೆ ಮಾಡುತ್ತಾನೆ. ವಿದುರ ಅವರನ್ನೆಲ್ಲ ಒಟ್ಟುಗೂಡಿಸಿ ದಹನ ಮಾಡಿಸುತ್ತಾನೆ. ಅವರ ಹೆಸರು ವ್ಯಾಸರಿಗೂ ಗೊತ್ತಿಲ್ಲ. ಆದರೆ ಅವರಿದ್ದರೆಂಬುದು ಗೊತ್ತು.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ನಡೆಯುವ ಭಯಕಥೆಗಳನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ನಾನು ಸಾಕಷ್ಟು ಓದಿದ್ದೇನೆ, ಪರದೆಯ ಮೇಲೆ ನೋಡಿಯೂ ಇದ್ದೇನೆ. ಅವುಗಳಲ್ಲಿ ಮೊದಲು ಸಾಯುವವನು ರಾತ್ರಿಪಾಳಿಯ ವಾಚ್‌ಮನ್. ಅವನ ನಂತರ ಲಿಫ್ಟ್‌ಮನ್ ಅಥವಾ ಪಾತ್ರೆ ತೊಳೆಯುವ ಕೆಲಸದಾಕೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ, ಸೊಸೈಟಿಯ ಸೆಕ್ರೆಟರಿ ಹೊಸ ವಾಚ್‌ಮನ್‌ನನ್ನು ನೇಮಿಸುತ್ತಾರೆ, ಏಳನೆಯ ಮಹಡಿಯ ದಂಪತಿಗಳ ಕಥೆ ಮುಂದುವರಿಯುತ್ತದೆ. ಸತ್ತವನಿಗೆ ಯಾವ ಊರು, ಅಲ್ಲಿ ಯಾರಿದ್ದಾರೆ, ಸುದ್ದಿಯನ್ನು ಅವರಿಗೆ ಮುಟ್ಟಿಸಿದವರು ಯಾರು, ಹೆಣ ಊರಿಗೆ ಹೋಯಿತೋ ಇಲ್ಲಿಯೇ ಸುಟ್ಟರೋ, ಇದಕ್ಕೆ ಒಂದು ಸಾಲೂ ಇರುವುದಿಲ್ಲ. ದೆವ್ವಕ್ಕೆ ಎಷ್ಟು ಶಕ್ತಿಯಿದೆಯೆಂದು ತೋರಿಸಲು ಒಂದು ಮೈ ಬೇಕಾಗಿತ್ತು, ಅವನು ಸಿಕ್ಕ. ಭಯಾನಕ ಸಾಹಿತ್ಯದ ಕ್ರೌರ್ಯವೆಂದು ನಾನು ಕರೆಯುವುದು ಇದನ್ನು. ಪ್ರೀತಿಯ ಪಾತ್ರ ಸತ್ತಾಗ ಲೇಖಕನೂ ಓದುಗನೂ ಏನನ್ನೋ ಕಳೆದುಕೊಳ್ಳುತ್ತಾರೆ, ಸಿಟ್ಟಾಗಿ ಪತ್ರಿಕೆಗೆ ಪತ್ರವನ್ನಾದರೂ ಬರೆಯುತ್ತಾರೆ. ವಾಚ್‌ಮನ್‌ನ ಸಾವಿನಿಂದ ಯಾರೂ ಏನನ್ನೂ ಕಳೆದುಕೊಳ್ಳದಂತೆ ಕಥೆಯನ್ನು ಕಟ್ಟಿರುತ್ತಾರೆ.

ಬೇರೆಯವರಿಗಿಂತ ಮುಂಬಯಿ ಕನ್ನಡಿಗರಿಗೆ ಇದು ಚುಚ್ಚಬೇಕು. ಈ ಶಹರಕ್ಕೆ ಬಂದ ನಮ್ಮ ಹಿರಿಯರಲ್ಲಿ ಅದೆಷ್ಟು ಮಂದಿ ಹೋಟೆಲುಗಳಲ್ಲಿ ಮೇಜು ಒರೆಸಿ, ಕಂಪೆನಿ ಕ್ಯಾಂಟೀನುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು! ಆ ದಿನಗಳಲ್ಲಿ ಯಾರಾದರೂ ಭಯಕಥೆ ಬರೆದಿದ್ದರೆ ಮೊದಲ ಅಧ್ಯಾಯದಲ್ಲಿ ಸಾಯುತ್ತಿದ್ದ ಹೆಸರಿಲ್ಲದ ಪೋರ ನಮ್ಮ ಮನೆಯವನೇ ಆಗಿರುತ್ತಿದ್ದ. ಆ ಕಥೆಯನ್ನು ಈಗ ಬರೆಯುತ್ತಿರುವವರು ಅದೇ ಪೋರನ ಮೊಮ್ಮಕ್ಕಳು, ಈಗ ಏಳನೆಯ ಮಹಡಿಯಲ್ಲಿರುವವರು.

ಪತ್ರ ಬರೆದ ಓದುಗರ ಮಾತಿನಲ್ಲಿ ಒಂದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮಗುವನ್ನು ಕಳೆದುಕೊಂಡವರ ಕೈಗೆ ಇಂಥ ಪುಸ್ತಕ ಎಚ್ಚರಿಕೆಯಿಲ್ಲದೆ ಸಿಗಬಾರದು. ಬೆನ್ನುಪುಟದಲ್ಲಿ ಒಂದು ಸಾಲು ಸೂಚನೆ ಹಾಕಿದರೆ ಪ್ರಕಾಶಕರಿಗೆ ನಷ್ಟವೇನೂ ಇಲ್ಲ. ಮಗು ಸಾಯಲೇಬಾರದೆಂಬ ನಿಯಮ ಮಾತ್ರ ಬೇಡ.

ತಮ್ಮಲ್ಲಿ ಒಂದು ವಿನಂತಿಯಿದೆ. ದೀಪಾವಳಿ ವಿಶೇಷಾಂಕಕ್ಕೆ ಈ ಸಲ ಭಯಾನಕ ಕಥೆಗಳನ್ನು ಆಹ್ವಾನಿಸುವುದಾದರೆ, ಶಬ್ದಮಿತಿಯನ್ನು ಹೇಳುವಲ್ಲಿಯೇ ಇನ್ನೊಂದು ಸಾಲು ಸೇರಿಸಿ: ಕಥೆಯಲ್ಲಿ ಸತ್ತ ಪ್ರತಿಯೊಬ್ಬರ ಹೆಸರು, ಊರು ಮತ್ತು ಸುದ್ದಿ ತಿಳಿದು ಅತ್ತ ಒಬ್ಬರಾದರೂ ಕಥೆಯೊಳಗೆ ಇರತಕ್ಕದ್ದು. ಹಾಗೆ ಬರೆದು ಕಳುಹಿಸಿದವರು ಎಷ್ಟು ಜನರನ್ನು ಕೊಂದರೂ, ಯಾರನ್ನು ಕೊಂದರೂ, ನನ್ನದೇನೂ ಆಕ್ಷೇಪಣೆಯಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಮಾಟುಂಗ, ಮುಂಬಯಿ