ಪರದೆಯ ಮೇಲಿನ ಆ ಕಪ್ಪು

ಪ್ರೀತಿಯ ಮಗೂ,

ಆಶೀರ್ವಾದಗಳು. ನಿನ್ನ ಪತ್ರದ ಒಂದು ಮಾತು ಎರಡು ರಾತ್ರಿಗಳಿಂದ ನನ್ನ ನಿದ್ದೆ ಕೆಡಿಸಿದೆ. ಮಂಡಿಚಿಪ್ಪಿನ ಕೆಳಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟಾಗ ಕಪ್ಪಾಗಿ ಕಂಡದ್ದು ಹರಿದ ಟೆಂಡನ್ನೋ (ಸ್ನಾಯುವಿನ ಬಲವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ಹುರಿ), ನಿನ್ನ ಕೈ ಓರೆಯಾದದ್ದೋ ತಿಳಿಯಲಿಲ್ಲವೆಂದೂ, ಹೀಗೆಯೇ ಒಂದು ದಿನ ಹರಿದ ಮಂಡಿಯನ್ನು ಮನೆಗೆ ಕಳಿಸಿಬಿಡುವೆನೇನೋ ಎಂಬ ಹೆದರಿಕೆಯೆಂದೂ ಬರೆದಿದ್ದೀಯ.

ನಾನು ಕಳಿಸಿದ್ದೇನೆ, ಮಗೂ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆಗ ನಮ್ಮ ತುರ್ತು ವಿಭಾಗದಲ್ಲಿ ರೋಗಿಯ ಮಂಚದ ಬಳಿಗೆ ಇಂಥ ಯಂತ್ರ ಬರುತ್ತಿರಲಿಲ್ಲ. ಡಯಾಲಿಸಿಸ್‌ನಲ್ಲಿದ್ದ, ಐವತ್ತು ದಾಟಿದ ಒಬ್ಬರು ಮೆಟ್ಟಿಲಿಳಿಯುವಾಗ ಮಂಡಿ ಕುಸಿದು ಬಿದ್ದು ಬಂದಿದ್ದರು. ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಕಾಲು ನೇರವಾಗಿಟ್ಟು ಎತ್ತಿ ಎಂದೆ. ಹಿಮ್ಮಡಿ ಹಾಸಿಗೆಯಿಂದ ಮೇಲೇಳಲಿಲ್ಲ. ನೋವಿಗೆ ಎತ್ತಲಾರರು ಎಂದುಕೊಂಡು, ಉಳುಕೆಂದು ಬರೆದು, ಪಟ್ಟಿ ಸುತ್ತಿ ಕಳಿಸಿದೆ. ಆರು ವಾರ ಕಳೆದು ಅವರು ಗೋಡೆ ಹಿಡಿದು ಬಂದಾಗ ಊತ ಇಳಿದಿತ್ತು; ಚಿಪ್ಪಿಗಿಂತ ತುಸು ಮೇಲೆ ಒತ್ತಿದ ನನ್ನ ಹೆಬ್ಬೆರಳು ಹಳ್ಳಕ್ಕಿಳಿಯಿತು. ತೊಡೆಯ ಮುಂಭಾಗದ ಸ್ನಾಯುವನ್ನು ಮಂಡಿಚಿಪ್ಪಿಗೆ ಕಟ್ಟುವ ಕ್ವಾಡ್ರಿಸೆಪ್ಸ್ ಟೆಂಡನ್ ಪೂರ್ತಿ ಹರಿದು, ಸ್ನಾಯು ಮೇಲಕ್ಕೆ ಎಳೆದುಕೊಂಡು ಅಲ್ಲೇ ಗಟ್ಟಿಯಾಗಿತ್ತು. ಮೊದಲ ಎರಡು ಮೂರು ವಾರಗಳೊಳಗೆ ನೇರವಾಗಿ ಹೊಲಿಯಬಹುದಾಗಿದ್ದ ತುದಿಗಳು ಆಗ ಒಂದನ್ನೊಂದು ಮುಟ್ಟುವ ಸ್ಥಿತಿಯಲ್ಲಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ನಿನ್ನ ಭಯಕ್ಕೆ ಮರಳುತ್ತೇನೆ. ನನಗೆ ಅಂದು ಆ ಭಯವೇ ಹುಟ್ಟಲಿಲ್ಲವೆಂಬುದೇ ನನ್ನ ಕೊರಗು. ಆ ಕಪ್ಪಿನ ವಿಷಯದಲ್ಲಿ ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಕ್ಷಮಿಸು: ಧ್ವನಿಯ ಅಲೆ ಟೆಂಡನ್ನಿನ ಎಳೆಗಳಿಗೆ ಲಂಬವಾಗಿ ಬೀಳದಿದ್ದರೆ ಹರಿಯದ ಟೆಂಡನ್ ಕೂಡ ಕಪ್ಪಾಗುತ್ತದೆ. ಪ್ರೋಬನ್ನು ತುಸು ವಾಲಿಸಿದಾಗ ಬಿಳಿಯ ಎಳೆಗಳು ಮರಳಿ ಬಂದರೆ ಅದು ಕೋನದ ಆಟ. ಉದ್ದಕ್ಕೆ ನೋಡಿದರೂ ಅಡ್ಡಕ್ಕೆ ನೋಡಿದರೂ ಆ ಕಪ್ಪು ಕದಲದೆ ನಿಂತರೆ ಅನುಮಾನಿಸಬೇಕು. ಮಂಡಿಯ ಕೆಳಗೆ ಸುತ್ತಿದ ಬಟ್ಟೆಯಿಟ್ಟು 20–30 ಡಿಗ್ರಿ ಮಡಿಸಿದರೆ ಟೆಂಡನ್ ಬಿಗಿಯಾಗಿ, ಅಲೆಯಲೆಯಾಗಿದ್ದ ಭಾಗ ನೆಟ್ಟಗಾಗುತ್ತದೆ. ಆದರೆ ಬಿರುಕಿನಲ್ಲಿ ಹೆಪ್ಪುಗಟ್ಟಿದ ಹೊಸ ರಕ್ತ ಕಪ್ಪಾಗಿರದೆ ಟೆಂಡನ್ನಿನಂತೆಯೇ ಬೂದಾಗಿ ಕಾಣುವುದುಂಟು. ನಿನ್ನ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ಬೂದು. ಇನ್ನೊಂದು ಮಂಡಿಯನ್ನೂ ನೋಡು ಎನ್ನಬೇಕೆಂದಿದ್ದೆ, ಆದರೆ ಡಯಾಲಿಸಿಸ್‌ನವರಲ್ಲಿ ಎರಡೂ ಒಟ್ಟಿಗೆ ಹರಿಯುವುದುಂಟು, ಆದ್ದರಿಂದ ಆ ಹೋಲಿಕೆಯನ್ನೂ ಪೂರ್ತಿ ನಂಬಬೇಡ.

ಇಷ್ಟೆಲ್ಲ ಬರೆದ ಮೇಲೂ, ನನ್ನ ಮನಸ್ಸು ಹೋಗುವುದು ಆ ಎತ್ತದ ಕಾಲಿನ ಕಡೆಗೇ. ಪರದೆಯನ್ನು ನೋಡುವ ಮೊದಲು ಕಾಲೆತ್ತಿಸು. ನೋವು ತಡೆಯುತ್ತಿದೆ ಎನಿಸಿದರೆ ನೋವು ತಗ್ಗಿಸಿ ಮತ್ತೊಮ್ಮೆ ಎತ್ತಿಸು. ಆಗಲೂ ಏಳದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಕಾಲನ್ನು ನೇರವಾಗಿಟ್ಟು, ಮಂಡಿ ಮಡಿಯದಂತೆ ಸ್ಪ್ಲಿಂಟ್ ಕಟ್ಟಿ ಮೂಳೆ ತಜ್ಞರಿಗೆ ಆ ಹೊತ್ತೇ ತಿಳಿಸು. ಸ್ವಲ್ಪ ಎತ್ತಿದರೂ ನಿಶ್ಚಿಂತಳಾಗಬೇಡ, ಚಿಪ್ಪಿನ ಅಕ್ಕಪಕ್ಕದ ಪೊರೆ ಉಳಿದಿದ್ದರೆ ಕಾಲು ಅಷ್ಟು ಏಳುತ್ತದೆ. ಗೊತ್ತಾಗಲಿಲ್ಲವೆಂದು ಕೇಸ್ ಶೀಟಿನಲ್ಲಿ ಬರೆಯಲು ನಾಚಬೇಡ. ನಾನು ಅನುಮಾನಿಸದೆ ಉಳುಕು ಎಂದು ಬರೆದೆ.

ನೀನು ಬರೆದ ಆ ಹುಡುಗ, ಜಿಗಿದು ಇಳಿಯುವಾಗ ಮಂಡಿಯಲ್ಲಿ ಟಪ್ಪೆಂದಿತು ಎಂದವನು, ಮತ್ತೆ ತೋರಿಸಿಕೊಳ್ಳಲು ಬರುವ ದಿನ ಯಾವುದು? ಅಂದು ನೀನೇ ಪ್ರೋಬ್ ಇಟ್ಟು ನೋಡು. ಅವನು ಬರದಿದ್ದರೆ ಫೋನ್ ಮಾಡಿ ಕರೆಸು. ಕಾಲು ಎತ್ತಿದನೇ ಎಂದು ನನಗೆ ಎರಡು ಸಾಲು ಬರೆ.

ನಿನ್ನ
ದೊಡ್ಡಮ್ಮ