ಬಲಗಣ್ಣು ಉಳೀತು, ಎಲ್ರಿಗೂ ಥ್ಯಾಂಕ್ಸ್

ನಿನ್ನೆ ಕಡೇ ಚೆಕಪ್ ಆಯ್ತು, ಬಲಗಣ್ಣಲ್ಲೇ ಬೋರ್ಡಿನ ಕೆಳಗಿನ ಸಣ್ಣಕ್ಷರದ ಸಾಲೂ ಓದಿದೆ, ಇನ್ನು ಡ್ರಾಪ್ಸ್ ಬೇಡ ಅಂದ್ರು ಡಾಕ್ಟ್ರು. ಫೋನ್ ಮಾಡಿ ವಿಚಾರಿಸಿದವ್ರು ತುಂಬಾ ಜನ, ಅದಕ್ಕೇ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದ್ದೇನೆ.

ಸಂಪಾಜೆಯ ನಮ್ಮ ರಬ್ಬರ್ ತೋಟದಲ್ಲಿ ಆವತ್ತು ಟ್ಯಾಪಿಂಗ್ (ತೊಗಟೆ ಗೀರಿ ಹಾಲು ಇಳಿಸೋದು) ಮುಗ್ಸಿ ರಬ್ಬರ್ ಹಾಲು ಡಿಶ್‌ಗೆ ಸೋಸಿಟ್ಟು, ಹಾಲು ಗಟ್ಟಿಯಾಗ್ಲಿಕ್ಕೆ ಹಾಕೋ ಫಾರ್ಮಿಕ್ ಆಸಿಡನ್ನ ದೊಡ್ಡ ಕ್ಯಾನಿಂದ ಬಾಟ್ಲಿಗೆ ಸುರೀತಿದ್ದೆ. ನೀರು ಬೆರೆಸದ 85 ಪರ್ಸೆಂಟಿಂದು. ವರ್ಷಗಟ್ಲೆ ಮಾಡಿದ ಕೆಲಸ ಅಂತ ಕಣ್ಣಿಗೆ ಕನ್ನಡಕ ಇಲ್ಲ, ಕೈಗೆ ಗ್ಲೌಸ್ ಇಲ್ಲ. ಕ್ಯಾನ್ ಗುಳುಕ್ ಅಂತ ಕುಲುಕಿ ಹಾರಿದ್ದು ಸೀದಾ ಕಣ್ಣಿಗೆ. ಚಗಳಿ ಇರುವೆ ಕಚ್ಚಿದಾಗ ಉರಿಯೋದೂ ಇದೇ ಆಸಿಡಿಂದ, ಆದ್ರೆ ಅದು ಸೂಜಿ ಮೊನೆಯಷ್ಟು. ಇದು ಕಣ್ಣೊಳಗೆ ಕೆಂಡ ಇಟ್ಟ ಹಾಗೆ, ಘಾಟಿಗೆ ಗಂಟ್ಲೂ ಕಟ್ಟಿತು.

ಪಕ್ಕದ ತೋಟದ ಅಕ್ಕ ಓಡಿ ಬಂದು, ಉಜ್ಜಬೇಡ ಅಂತ ಕೈ ಹಿಡಿದು, ಗುಡ್ಡದಿಂದ ಪೈಪಲ್ಲಿ ಬರೋ ಒರತೆ ನೀರಿನ ಕೆಳಗೆ ನನ್ನ ತಲೆ ಬಗ್ಗಿಸಿದ್ರು. ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದೇ ಇದ್ರು. ಸಾಕು ಅಕ್ಕಾ ಅಂತ ನಾನು ಕೂಗಿದ್ರೂ ಬಿಡ್ಲಿಲ್ಲ, ಎಣ್ಣೆ ಬಿಡಿ ಅಂತ ಯಾರೋ ಅಂದ್ರೆ ಅವ್ರಿಗೇ ಬೈದ್ರು, ಪೂರ್ತಿ ಇಪ್ಪತ್ತು ನಿಮಿಷ. ಜೀಪಲ್ಲಿ ಸುಳ್ಯಕ್ಕೆ ಹೋಗುವಾಗ್ಲೂ ಕೊಡಪಾನದಿಂದ ನೀರು ಬಿಡ್ತಾನೇ ಬಂದ್ರು, ಸೀಟೆಲ್ಲ ಒದ್ದೆ, ಜೀಪಿನ ಅಣ್ಣ ಒಂದು ಮಾತೂ ಆಡ್ಲಿಲ್ಲ, ಬಾಡಿಗೆಯನ್ನೂ ತಗೊಳ್ಲಿಲ್ಲ. ಆಸ್ಪತ್ರೇಲಿ ಆಸಿಡ್ ಇನ್ನೂ ಉಳಿದಿದ್ಯಾ ಅಂತ ನೋಡ್ಲಿಕ್ಕೆ ಸಣ್ಣ ಕಾಗದದ ಚೂರು ಕಣ್ಣಿಗೆ ಮುಟ್ಟಿಸಿ, ಅದರ ಬಣ್ಣ ಸರಿ ಬರೋ ತನಕ ಸಿಸ್ಟರ್ ಪುನಃ ಸಲೈನ್ ಬಿಟ್ರು. ಆಮೇಲೆ ಡಾಕ್ಟ್ರು ಅಂದದ್ದು: ಕಣ್ಣು ಉಳ್ಸಿದ್ದು ನಾನಲ್ಲ, ಮೊದ್ಲು ಬಿದ್ದ ಆ ನೀರು.

ಸಿಸ್ಟರಿಗೆ, ಡಾಕ್ಟ್ರಿಗೆ, ಜೀಪಿನ ಅಣ್ಣನಿಗೆ, ಮೂರು ವಾರ ನಮ್ಮ ಮರಗಳನ್ನೂ ಟ್ಯಾಪ್ ಮಾಡಿ, ಗಟ್ಟಿಯಾದ ಹಾಲನ್ನ ಶೀಟ್ ಹೊಡೆದು ಒಣಗಿಸಿಟ್ಟ ಹುಡುಗ್ರಿಗೆ ಕೈ ಮುಗಿದು ಥ್ಯಾಂಕ್ಸ್.

ಈಗ ಶೆಡ್ಡಲ್ಲಿ ಕ್ಯಾನಿನ ಮೇಲೇ ಕನ್ನಡಕ, ಗ್ಲೌಸ್ ನೇತು ಹಾಕಿದ್ದೇನೆ, ಅದನ್ನ ತೆಗೀದೆ ಮುಚ್ಚಳ ಬಿಚ್ಚೋಕಾಗೋದಿಲ್ಲ. ಆಸಿಡ್ ತೆಳು ಮಾಡುವಾಗ ಮೊದ್ಲು ನೀರು, ಆಮೇಲೆ ಅದಕ್ಕೆ ಆಸಿಡ್, ಯಾವತ್ತೂ ಆಸಿಡಿಗೆ ನೀರು ಹೊಯ್ಯಬೇಡಿ. ಕುಡಿಯೋ ನೀರಿನ ಬಾಟ್ಲೀಲಂತೂ ತುಂಬಿಸಿಡಬೇಡಿ ಮಾರಾಯ್ರೆ, ಮನೇಲಿ ಮಕ್ಕಳಿರ್ತಾರೆ.

ಅಕ್ಕಾ, ನಿಮ್ಮ ಎದುರು ನಿಂತ್ರೆ ನಂಗೆ ಮಾತೇ ಹೊರಡೋದಿಲ್ಲ. ಬರೋ ಆದಿತ್ಯವಾರ ಮನೆಯವ್ಳು, ಮಕ್ಕಳು ಎಲ್ರೂ ನಿಮ್ಮಲ್ಲಿಗೆ ಬರ್ತೇವೆ.